ಹನ್ನೆರಡಕ್ಕೆ ಹದಿನೈದು

ನಿನ್ನ ತಮ್ಮ ಬಂದಿದ್ದ ಎಸ್ತರ್, ಸೋಮವಾರ,
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ನನ್ನ ಅಂಗಡಿಗೆ.
ಪಾಸ್‌ಪೋರ್ಟ್ ಸೈಜಿನ ನೀನು ಅವನ ಜೇಬಿನಲ್ಲಿ.
ದೊಡ್ಡದು ಮಾಡಿಸಿ, ಹನ್ನೆರಡಕ್ಕೆ ಹದಿನೈದು, ಕಂದು ಪಟ್ಟಿ,
ಕೆಳಗೆ ಎರಡು ತಾರೀಖು, ನಡುವೆ ಒಂದು ಗೆರೆ.
ಆಗಲಿ ಅಂದೆ. ಅಡ್ವಾನ್ಸ್ ತಗೊಂಡೆ.
ಮೂವತ್ತೊಂದು ವರ್ಷದಿಂದ ನಾನು ಆಗಲಿ ಅನ್ನುವವನು.

ಆ ಫೋಟೋದಲ್ಲಿ ನೀನು ಯಾರೋ.
ತಲೆಗೆ ಎಣ್ಣೆ, ಬಾಯಿಗೆ ಬೀಗ,
ಪಿಂಚಣಿ ಕಾಗದಕ್ಕೆಂದು ತೆಗೆಸಿದ ಮುಖ.
ಕತ್ತಿನ ಕೆಳಗೆ ಕತ್ತರಿಸಿದ್ದಾರೆ,
ಹಾಗಾಗಿ ಕೈಗಳಿಲ್ಲ. ಕೈಗಳಿಲ್ಲದ ನಿನ್ನನ್ನು
ಯಾವ ಗೋಡೆ ಗುರುತು ಹಿಡಿದೀತು?

ಹಾರ್ಮೋನಿಯಂ ಬಿಚ್ಚಿ ಸ್ವರ ಸ್ವರ ಒರೆಸಿ ಜೋಡಿಸಿದ ಕೈ,
ಭಾನುವಾರ ಚರ್ಚಿನಲ್ಲಿ ಅದನ್ನೇ ನುಡಿಸಿದ ಕೈ,
ಗುಂಡು ಎಸೆತದಲ್ಲಿ ಜಿಲ್ಲೆಗೆ ಎರಡನೆಯದು.
ಸ್ಕೂಲಿನ ಬಾವಿಯ ಪಂಪು, ನನ್ನ ಮಗಳ ಜಡೆ,
ಹೆಡ್‌ಮಿಸ್ಟ್ರೆಸ್ಸಿನ ಗಡಿಯಾರ,
ಕೆಟ್ಟದ್ದೆಲ್ಲ ನಿನ್ನ ಮುಂದೆ ಬಂದು ಕೂರುತ್ತಿತ್ತು.
ನಿನಗೆ ಬಾರದ್ದು ಒಂದೇ, ಅಡುಗೆ.
ನಿನ್ನ ಉಪ್ಪಿಟ್ಟನ್ನು ಶ್ಯಾವಿಗೆಯೂ ಮೂಸಿ ಬಿಟ್ಟಿತ್ತು.

ಶ್ಯಾವಿಗೆ!
ಆ ಹೆಸರು ಇನ್ಯಾರು ಇಟ್ಟಾರು ಕುದುರೆಗೆ?
ಮದುವೆ ಗಂಡುಗಳನ್ನು ಹೊತ್ತು ಹೊತ್ತು ಬೆನ್ನು ಕುಸಿದ
ಬಿಳಿ ಹೆಣ್ಣು ಕುದುರೆ. ಬ್ಯಾಂಡಿನ ಬಾಬಾಜಾನ್
ಮಾರಿಬಿಡ್ತೀನಿ ಅಂದಾಗ ಪಿ.ಎಫ್. ಸಾಲ ತೆಗೆದು ತಂದೆ.
ಸಾಲಗಾಮೆ ರಸ್ತೆಯ ಬಾಡಿಗೆ ಮನೆ, ಹಿತ್ತಲಲ್ಲಿ ತಗಡಿನ ಲಾಯ,
ಓನರು ಕೇಳಿದರೆ "ಮಾಡೆಲ್ಲು ಸಾರ್, ಡ್ರಾಯಿಂಗಿಗೆ."
ಅದೂ ನಿಜವೇ. ಹುಡುಗಿಯರು ಸಾಲಾಗಿ ಕೂತು ಬರೆದರು
ಒಂದೇ ಕುದುರೆಯನ್ನು, ನಲವತ್ತು ನಾಯಿಗಳಾಗಿ.
ನೀನು ನಕ್ಕು ನಕ್ಕು ನಲವತ್ತಕ್ಕೂ ಪಾಸು ಹಾಕಿದೆ.

ಹಳೇಬೀಡಿಗೆ ಹೋದದ್ದು ಕೆಂಪು ಬಸ್ಸಿನಲ್ಲಿ.
ಆನೆ, ಸಿಂಹ, ಬಳ್ಳಿ ದಾಟಿ
ನಾಲ್ಕನೆಯ ಪಟ್ಟಿಯ ಕುದುರೆ ಸಾಲಿಗೇ ನಿಂತುಬಿಟ್ಟೆ.
ಗೈಡು ಪುರಾಣದ ಕಡೆ ಕೈ ತೋರುತ್ತಿದ್ದರೆ
ನೀನು ಕಲ್ಲಿನ ಗೊರಸು ಮುಟ್ಟಿ ಜಗಳಕ್ಕಿಳಿದೆ:
"ಇವನು ಓಡುವ ಕುದುರೆ ನೋಡೇ ಇಲ್ಲ ಕಣೋ.
ಇದೋ, ಇವನು ನೋಡಿದ್ದಾನೆ. ಇವನು ಹತ್ತಿದ್ದಾನೆ,
ಬಿದ್ದೂ ಇದ್ದಾನೆ."
ನನಗೆ ಎಲ್ಲ ಒಂದೇ ಥರ ಕಂಡವು.
ಬಸ್ಸು ತಪ್ಪಿತು.

"ಏನಯ್ಯಾ ಚೌಕಟ್ಟು" ಅನ್ನುತ್ತಿದ್ದೆ ನನ್ನನ್ನು,
"ನೀನು ಎಲ್ಲವನ್ನೂ ಅಂಚಿನಿಂದ ನೋಡುವವನು."
ಹೌದು. ಶ್ಯಾವಿಗೆ ಮಲಗಿ ಮತ್ತೆ ಏಳದ ಆ ಜನವರಿ
ನೀನು ಇದ್ದಿಲಿನಲ್ಲಿ ಬರೆದು ತಂದ ಚಿತ್ರವನ್ನೂ
ನಾನು ಮೊದಲು ಟೇಪು ಹಿಡಿದೇ ನೋಡಿದ್ದು.
ಆಮೇಲೆ ಎಣಿಸಿದೆ: ಮೂರೇ ಕಾಲು.
ನಾಲ್ಕನೆಯದು ಎಲ್ಲೇ, ಅಂದರೆ
"ಅದನ್ನೂ ಊರಿದರೆ ನಿಂತುಬಿಡ್ತಾಳೆ.
ಇರ್ಲಿ, ನಿನ್ನ ಹತ್ರವೇ ಇರ್ಲಿ."
ಚಹಾ ಕುಡಿದೆ. ಕಾಸು ಕೊಡದೆ ಹೋದೆ, ಯಾವಾಗಿನಂತೆ.

ಮೊನ್ನೆ ರಾತ್ರಿ ಷಟರ್ ಅರ್ಧ ಇಳಿಸಿ ಕೂತೆ.
ಗಾಜು ಒರೆಸಿದೆ. ಆ ಯಾರೋ ಮುಖವನ್ನು ಇಟ್ಟೆ.
ಹಿಂದಿನ ಹಲಗೆ ಮುಚ್ಚುವ ಮುನ್ನ
ಶ್ಯಾವಿಗೆಯನ್ನು ನಿನ್ನ ಬೆನ್ನಿಗೆ ಆನಿಸಿದೆ.
ಕಾಗದ ಒಂದಿಂಚು ಹೆಚ್ಚಿತ್ತು.
ಕತ್ತರಿ ಕೈಲಿತ್ತು. ಮಡಚಿದೆ.
ಸಣ್ಣ ಮೊಳೆ ಹದಿನಾಲ್ಕು, ಮೇಲೆ ಕಂದು ಟೇಪು.
ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.

ಇವತ್ತು ನಿನ್ನ ತಮ್ಮ ಫೋನು ಮಾಡಿದ್ದ:
"ಎಷ್ಟು ಸಲ ನೆಟ್ಟಗೆ ಮಾಡಿದರೂ ಅಣ್ಣಾ,
ಅಕ್ಕನ ಫೋಟೋ ಬಾಗಿಲ ಕಡೆಗೇ ವಾಲ್ತದೆ."
ಮೊಳೆ ಬದಲಾಯಿಸಿ ನೋಡಿ, ಅಂದೆ.